ವೇಲ್ಸ್ ಗಡಿಯ ಹಳ್ಳಿ ಚರ್ಚುಗಳು: ಎರಡು ದಿನ, ಅಮ್ಮನ ಮಂಡಿನೋವು, ಎಲ್ಲಿಂದ ಶುರು ಮಾಡಲಿ?

ಕೊಡೆ ಮರೆತವಳು

ಎಲ್ಲರಿಗೂ ನಮಸ್ಕಾರ. ನಾವಿರುವುದು ಕಾರ್ಡಿಫ್‌ನಲ್ಲಿ. ಅಮ್ಮ ಮೂರು ತಿಂಗಳಿಗೆ ಅಂತ ಬಂದಿದ್ದಾರೆ. ಲಂಡನ್ ಆಯಿತು, ಬಾತ್ ಆಯಿತು, ಮಾಲ್ ಸುತ್ತಿದ್ದೂ ಆಯಿತು. ಮೊನ್ನೆ ಊಟಕ್ಕೆ ಕೂತಾಗ, "ಇಷ್ಟು ದಿನ ಬರೀ ಪೇಟೆ ತೋರಿಸಿದ್ದೀಯ. ಈ ದೇಶದಲ್ಲಿ ಹಳ್ಳಿ ಇಲ್ವಾ?" ಅಂತ ಕೇಳಿಯೇಬಿಟ್ಟರು.

ಅಮ್ಮನಿಗೆ ಕೋಟೆ, ಅರಮನೆ ಅಂದರೆ ಅಷ್ಟಕ್ಕಷ್ಟೇ. ಕೆತ್ತನೆ ಕೆಲಸ ಕಂಡರೆ ಮಾತ್ರ ಕಾಲು ನೋವೂ ಮರೆತು ನಿಂತುಬಿಡುತ್ತಾರೆ. ಎಲ್ಲಿಗೆ ಹೋದರೂ ಮೊದಲು ಬಾಗಿಲುವಾಡ, ಆಮೇಲೆ ಕಂಬ, ಆಮೇಲೆ ಸೂರು. ಆಫೀಸಿನಲ್ಲಿ ಒಬ್ಬರು ಕಿಲ್‌ಪೆಕ್ ಅನ್ನುವ ಹಳ್ಳಿಯ ಚರ್ಚಿನ ಫೋಟೊ ತೋರಿಸಿದರು. ಇಂಗ್ಲೆಂಡ್ ಬದಿಯ ಹೆರಿಫರ್ಡ್ ಹತ್ತಿರವಂತೆ. ಮನೆಗೆ ಬಂದು ನಕಾಶೆ ತೆಗೆದರೆ ಇಂಗ್ಲೆಂಡ್, ವೇಲ್ಸ್ ಗಡಿಯುದ್ದಕ್ಕೂ ಶಿಲುಬೆ ಗುರುತುಗಳು, ಸಾಸಿವೆ ಚೆಲ್ಲಿದ ಹಾಗೆ. ಅಲ್ಲಿಗೆ ನನ್ನ ಉತ್ಸಾಹ ಅರ್ಧ ಇಳಿಯಿತು.

ಇರುವುದು ಶನಿವಾರ, ಭಾನುವಾರ ಎರಡೇ ದಿನ. ಕಾರು ಚಿಕ್ಕದು. ಅಮ್ಮನಿಗೆ ಮಂಡಿನೋವು. ಸಮತಟ್ಟಾದ ಜಾಗದಲ್ಲಿ ಆರಾಮಾಗಿ ನಡೆಯುತ್ತಾರೆ, ಏರು ಬಂದರೆ ನಿಂತು ನಿಂತು ಹತ್ತಬೇಕು.

ಕೆಲವು ಪೆದ್ದ ಪ್ರಶ್ನೆಗಳೂ ಇವೆ. ಈ ಚರ್ಚುಗಳ ಬಾಗಿಲು ತೆಗೆದಿರುತ್ತಾ? ನಾವು ಕ್ರೈಸ್ತರಲ್ಲ, ಸುಮ್ನೆ ಒಳಗೆ ಹೋಗಬಹುದಾ? ಟಿಕೆಟ್ ಇದೆಯಾ? ಫೋಟೊ ತೆಗೆಯಬಹುದಾ? ಚಪ್ಪಲಿ ಎಲ್ಲಿ ಬಿಡೋದು ಅಂತ ಅಮ್ಮ ಈಗಾಗಲೇ ಎರಡು ಸಲ ಕೇಳಿದ್ದಾರೆ. "ನೋಡಲೇಬೇಕಾದ 25" ಅನ್ನೋ ಥರದ ಪಟ್ಟಿಗಳನ್ನು ಓದಿ ಓದಿ ತಲೆ ಕೆಟ್ಟಿದೆ. ಹೋಗಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ಹಳೇ ನಕಾಶೆ

ಮೊದಲು ಆ ಪಟ್ಟಿ ಮುಚ್ಚಿ. ಎರಡು ದಿನಕ್ಕೆ ನಾಲ್ಕು ಚರ್ಚು ಸಾಕು. ಐದನೆಯದರ ಹೊತ್ತಿಗೆ ಎಲ್ಲ ಕಲ್ಲೂ ಒಂದೇ ಥರ ಕಾಣುತ್ತವೆ, ಅಮ್ಮ "ನೀನು ನೋಡಿ ಬಾ" ಅಂತ ಕಾರಿನಲ್ಲೇ ಕೂತುಬಿಡುತ್ತಾರೆ. ನನ್ನ ಹೆಂಡತಿಯಿಂದ ಕಲಿತ ಪಾಠ ಇದು.

ನಾನು ಹೆರಿಫರ್ಡ್‌ಗೆ ಬಂದು ಹದಿಮೂರು ವರ್ಷ. ಆಸ್ಪತ್ರೆಯಲ್ಲಿ ರಾತ್ರಿ ಪಾಳಿ. ಶುರುವಿನಲ್ಲಿ ಹಗಲು ನಿದ್ದೆ ಹತ್ತುತ್ತಲೇ ಇರಲಿಲ್ಲ. ಹನ್ನೆರಡು ಗಂಟೆಗೆಲ್ಲ ಎಚ್ಚರ ಆಗುತ್ತಿತ್ತು. ಬೇರೆಯವರೆಲ್ಲ ಕೆಲಸದಲ್ಲಿರುವ ಹೊತ್ತು ಅದು. ಆಗ ಬಾಗಿಲು ತೆಗೆದಿರುವ, ಯಾರೂ ಏನೂ ಕೇಳದ ಜಾಗ ಅಂದರೆ ಹಳ್ಳಿ ಚರ್ಚು ಒಂದೇ. ಹಾಗೆ ಅಂಟಿಕೊಂಡ ಹುಚ್ಚು ಇನ್ನೂ ಬಿಟ್ಟಿಲ್ಲ.

ನಿಮ್ಮ ಪ್ರಶ್ನೆಗಳು ಪೆದ್ದವೇನೂ ಅಲ್ಲ. ಹಗಲು ಹೊತ್ತು ಹೆಚ್ಚಿನವು ತೆರೆದೇ ಇರುತ್ತವೆ, ಆದರೆ ನೋಡಿದರೆ ಮುಚ್ಚಿದ ಹಾಗೆ ಕಾಣುತ್ತವೆ. ದಪ್ಪ ಓಕ್ ಮರದ ಬಾಗಿಲು, ಅದರಲ್ಲೊಂದು ಕಬ್ಬಿಣದ ಬಳೆ. ಬಳೆ ತಿರುಗಿಸಿದರೆ ಒಳಗಡೆ ಅಗುಳಿ ಟಕ್ ಅಂತ ಮೇಲೇಳುತ್ತದೆ, ಆಗ ಭುಜ ಕೊಟ್ಟು ತಳ್ಳಬೇಕು. ಮೊದಲ ವರ್ಷ ನಾನು ಮೂರು ಊರಿನಿಂದ ಬೀಗ ಹಾಕಿದೆ ಅಂದುಕೊಂಡು ವಾಪಸ್ ಬಂದಿದ್ದೆ. ಬಳೆಯನ್ನು ಒಂದೇ ಕಡೆಗೆ ತಿರುಗಿಸಿ ನೋಡಿದ್ದೆ, ಅಷ್ಟೇ. ನಿಜವಾಗಿ ಬೀಗ ಇದ್ದರೆ, ಬೀಗದ ಕೈ ಯಾವ ಮನೆಯಲ್ಲಿದೆ ಅಂತ ಚೀಟಿ ಇದೆಯಾ ಅಂತ ಬಾಗಿಲ ಮುಂದಿನ ಮೊಗಸಾಲೆಯಲ್ಲಿ ಹುಡುಕಿ. ಯಾರು ಬೇಕಾದರೂ ಒಳಗೆ ಹೋಗಬಹುದು. ಚಪ್ಪಲಿ ಬಿಡಬೇಕಾಗಿಲ್ಲ, ಕೆಸರು ಮೆತ್ತಿದ ಬೂಟಾದರೆ ಮಾತ್ರ ಹೊರಗೆ. ಟಿಕೆಟ್ ಇಲ್ಲ, ಗೋಡೆಯಲ್ಲೊಂದು ಕಾಣಿಕೆ ಡಬ್ಬಿ ಇರುತ್ತದೆ. ಭಾನುವಾರದ ಪ್ರಾರ್ಥನೆಗೆ ಹೆದರಬೇಡಿ. ಇಲ್ಲಿ ಒಬ್ಬ ಪಾದ್ರಿಗೆ ಐದಾರು ಚರ್ಚು. ಒಂದು ವಾರ ಈ ಊರು, ಮುಂದಿನ ವಾರ ಆ ಊರು. ಬೋರ್ಡಿನಲ್ಲಿ ಸಮಯ ಬರೆದಿರುತ್ತಾರೆ.

ಶನಿವಾರ ಬೆಳಿಗ್ಗೆ ನೇರ ಕಿಲ್‌ಪೆಕ್‌ಗೆ ಹೋಗಿ. ಕಾರು ನಿಲ್ಲಿಸಿದ ಜಾಗದಿಂದ ಚರ್ಚು ಪಕ್ಕದಲ್ಲೇ. ಅಮ್ಮನ ಮಂಡಿಗೆ ತೊಂದರೆ ಇಲ್ಲ. ಸುಮಾರು 1140ರ ಕಟ್ಟಡ. ಗಾತ್ರ ನೋಡಿದರೆ ಇಷ್ಟೇನಾ ಅನಿಸುತ್ತದೆ. ದಕ್ಷಿಣದ ಬಾಗಿಲ ಮುಂದೆ ನಿಂತಾಗ ಆ ಮಾತು ಬಾಯಿಂದ ಬರುವುದಿಲ್ಲ. ಬಾಗಿಲ ಮೇಲಿನ ಅರ್ಧಚಂದ್ರದಲ್ಲಿ ಒಂದು ಗಿಡ, ಅದರ ಗೊಂಚಲು. ಸುತ್ತ ಕಮಾನಿನಲ್ಲಿ ಕೊಕ್ಕಿನ ತಲೆಗಳು, ತಮ್ಮ ಬಾಲ ತಾವೇ ಕಚ್ಚಿದ ಪ್ರಾಣಿಗಳು. ಎಡಗಡೆ ಕಂಬದಲ್ಲಿ ಬಳ್ಳಿಗೆ ಸಿಕ್ಕಿಕೊಂಡ ಇಬ್ಬರು ಯೋಧರು. ಅವರ ಬಟ್ಟೆಯನ್ನು ಅಮ್ಮನಿಗೆ ತೋರಿಸಿ. ನೆರಿಗೆ ನೆರಿಗೆಯಾಗಿ ಷರಾಯಿ ಕೆತ್ತಿದ್ದಾನೆ. ಎಲ್ಲ ಕೆಂಪು ಮರಳುಗಲ್ಲು. ಒಂಬತ್ತು ಶತಮಾನದ ಮಳೆ ಬಿದ್ದಿದೆ ಅಂದರೆ ನಂಬೋದು ಕಷ್ಟ. ಈ ಸೀಮೆಯಲ್ಲೇ ಓಡಾಡಿ ಕೆಲಸ ಮಾಡಿದ ಒಂದು ಗುಂಪಿನ ಕೈಚಳಕ ಇದು, ಪುಸ್ತಕಗಳಲ್ಲಿ ಹೆರಿಫರ್ಡ್‌ಶೈರ್ ಸ್ಕೂಲ್ ಅಂತಾರೆ. ಯಾವನೂ ತನ್ನ ಹೆಸರು ಬರೆದಿಟ್ಟು ಹೋಗಿಲ್ಲ.

ಆಮೇಲೆ ಒಂದು ಪ್ರದಕ್ಷಿಣೆ ಹಾಕಿ, ಕತ್ತೆತ್ತಿ. ಸೂರಿನ ಕೆಳಗೆ ಸಾಲಾಗಿ ಚಾಚಿಕೊಂಡಿರುವ ಕಲ್ಲುಗಳಲ್ಲಿ ಒಂದೊಂದರಲ್ಲೂ ಒಂದೊಂದು ಮುಖ. 85 ಉಳಿದಿವೆ. ಪಿಟೀಲಿನಂಥದ್ದನ್ನು ನುಡಿಸುವವನು ಒಬ್ಬ ಇದ್ದಾನೆ. ನಾಯಿ, ಮೊಲ ಒಂದಕ್ಕೊಂದು ಅಂಟಿ ಕೂತಿವೆ. ಬೇಟೆಯಾಡುವುದನ್ನೇ ಮರೆತ ಹಾಗೆ. ನನಗೆ ಇಡೀ ಚರ್ಚಿನಲ್ಲಿ ಅದೇ ಇಷ್ಟ. ಶೀಲಾ ನಾ ಗಿಗ್ ಅನ್ನೋ ಬೆತ್ತಲೆ ಹೆಂಗಸಿನ ಕೆತ್ತನೆಯೂ ಇದೆ. ಅದನ್ನು ಅಮ್ಮನ ಪಕ್ಕ ನಿಂತು ನೋಡುವಾಗ ಸ್ವಲ್ಪ ಮುಜುಗರ ಆದೀತು, ಮೊದಲೇ ಹೇಳಿದ್ದೇನೆ. ಹಿಂದುಗಡೆ ಹಳೇ ಕೋಟೆಯ ದಿಬ್ಬ ಇದೆ. ಹತ್ತಬೇಕಾಗಿಲ್ಲ.

ಮಧ್ಯಾಹ್ನಕ್ಕೆ ಆಬಿ ಡೋರ್. ಇದು 1147ರಲ್ಲಿ ಶುರುವಾದ ಸಿಸ್ಟರ್ಸಿಯನ್ ಅನ್ನೋ ಪಂಥದ ಕ್ರೈಸ್ತ ಸನ್ಯಾಸಿಗಳ ಮಠ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಮಠಗಳನ್ನೆಲ್ಲ ಮುಚ್ಚಿಸಿದಾಗ 1536ರಲ್ಲಿ ಇದೂ ಹೋಯಿತು. ಸುಮಾರು ನೂರು ವರ್ಷ ಆದ ಮೇಲೆ ಊರಿನ ಜಮೀನ್ದಾರ ಸ್ಕುಡಮೋರ್ ಪ್ರಭು ಉಳಿದಷ್ಟಕ್ಕೆ ಸೂರು ಹಾಕಿಸಿ 1634ರಲ್ಲಿ ಊರ ಚರ್ಚು ಮಾಡಿಸಿದ. ಅದಕ್ಕೇ ಒಳಗೆ ಹೋದರೆ ಏನೋ ಎಡವಟ್ಟಾದ ಹಾಗೆ ಅನಿಸುತ್ತದೆ. ಜನ ಕೂರುವ ಉದ್ದನೆಯ ಭಾಗವೇ ಇಲ್ಲ. ದೊಡ್ಡ ಮನೆಯ ಹಜಾರ ಬಿದ್ದುಹೋಗಿ ಬರೀ ದೇವರ ಕೋಣೆ ಉಳಿದಂತೆ. ಜಾನ್ ಏಬಲ್ ಅನ್ನೋ ಬಡಗಿ ಮಾಡಿದ ಓಕ್ ಮರದ ತಡಿಕೆ ಅಲ್ಲಿದೆ, ಅದನ್ನು ಬಿಡಬೇಡಿ. ಆ ಸ್ಕುಡಮೋರ್‌ಗೆ ಸೇಬಿನ ಹುಚ್ಚೂ ಇತ್ತು. ಸೈಡರ್ ಅನ್ನೋ ಸೇಬಿನ ಮದ್ಯಕ್ಕೆ ಬಳಸುವ ರೆಡ್‌ಸ್ಟ್ರೀಕ್ ಸೇಬು ಈ ಕಡೆ ಹೆಸರು ಮಾಡಿದ್ದು ಅವನಿಂದ.

ಆ ಕಣಿವೆಗೆ ಗೋಲ್ಡನ್ ವ್ಯಾಲಿ ಅಂತ ಹೆಸರು. ಚಿನ್ನ ಗಿನ್ನ ಏನೂ ಇಲ್ಲ. ವೇಲ್ಸ್ ಭಾಷೆಯಲ್ಲಿ "ದೂರ್" ಅಂದರೆ ನೀರು. ಫ್ರೆಂಚ್ ಮಾತಾಡುತ್ತಾ ಬಂದ ನಾರ್ಮನ್ನರಿಗೆ ಅದು "ದೋರ್" ಅಂತ ಕೇಳಿಸಿತು. ಅವರ ಭಾಷೆಯಲ್ಲಿ ಹಾಗಂದರೆ ಬಂಗಾರದ್ದು. ಗಡಿನಾಡಿನಲ್ಲಿ ಹೆಸರುಗಳ ಪಾಡೇ ಹೀಗೆ. ನಕಾಶೆಯಲ್ಲಿ "ಲಾನ್" ಅಂತ ಶುರುವಾಗುವ ಊರು ಕಂಡರೆ ಅದು ವೇಲ್ಸ್ ಭಾಷೆಯ ಹೆಸರು. ಚರ್ಚಿನ ಆವರಣ ಅಂತ ಅರ್ಥ. ಇಂಗ್ಲೆಂಡ್ ಬದಿಯಲ್ಲೂ ಲಾನ್‌ಸಿಲೊ, ಲಾನ್‌ವೇನೊ, ಲಾನ್‌ವಾರ್ನ್ ಅಂತ ಎಷ್ಟೊಂದಿವೆ. ಗೆರೆ ಆಮೇಲೆ ಬಂತು, ಊರು ಮೊದಲೇ ಇತ್ತು.

ಭಾನುವಾರ ಗೆರೆಯ ಆಚೆ ಹೋಗಿ. ಅಬರ್‌ಗವೆನ್ನಿ ರಸ್ತೆಯಿಂದ ಲಾಂಟನಿ ಕಡೆ ತಿರುಗಿದರೆ ಮೊದಲು ಕುಮ್‌ಯೋಯ್ ಸಿಗುತ್ತದೆ. ಇಡೀ ಚರ್ಚು ಹಳೇ ಭೂಕುಸಿತದ ಮಣ್ಣಿನ ಮೇಲೆ ಕೂತಿದೆ. ಆ ಮಣ್ಣು ಇನ್ನೂ ಅಲುಗುತ್ತಿರುವುದರಿಂದ ಕಟ್ಟಡ ಸೊಟ್ಟಗಾಗಿದೆ. ಗೋಪುರ ಐದು ಡಿಗ್ರಿಗಿಂತ ಸ್ವಲ್ಪ ಜಾಸ್ತಿಯೇ ವಾಲಿದೆ, ಅಂದರೆ ಪೀಸಾ ಗೋಪುರಕ್ಕಿಂತ ಹೆಚ್ಚು. ಬಲಿಪೀಠದ ಕಡೆಯ ಗೋಡೆ ಇನ್ನೊಂದು ಕಡೆಗೆ ವಾಲಿದೆ. ನಡುವೆ ನಿಂತರೆ ನಮ್ಮ ತಲೆಯೇ ತನ್ನಷ್ಟಕ್ಕೆ ಓರೆಯಾಗುತ್ತದೆ. ರಸ್ತೆಯಿಂದ ಸ್ವಲ್ಪ ಏರು ಇದೆ. ಅಮ್ಮನಿಗೆ ಆಗದಿದ್ದರೆ ಕೆಳಗಿನಿಂದ ನೋಡಿದರೂ ಸೊಟ್ಟ ಕಾಣುತ್ತದೆ.

ಕೊನೆಗೆ ಪಾರ್ಟ್ರಿಶೊ. ಸಮಯ ಕಮ್ಮಿ ಬಿದ್ದರೆ ಬೇರೆ ಯಾವುದನ್ನಾದರೂ ಬಿಡಿ, ಇದನ್ನು ಬಿಡಬೇಡಿ. ಇಸ್ಸುಯಿ ಅನ್ನೋ ಸನ್ಯಾಸಿ ಇಲ್ಲಿ ಗುಡಿಸಲು ಹಾಕಿಕೊಂಡಿದ್ದನಂತೆ. ಒಂದು ರಾತ್ರಿ ಯಾರಿಗೆ ಜಾಗ ಕೊಟ್ಟನೋ ಅವನೇ ಇವನನ್ನು ಕೊಂದ. ಆಮೇಲೆ ಅಲ್ಲಿನ ಬಾವಿ ನೀರಿಗೆ ಜನ ಬರತೊಡಗಿದರು. ಕುಷ್ಠ ವಾಸಿಯಾದ ಒಬ್ಬ ಯಾತ್ರಿಕ ಚಿನ್ನದ ಗಂಟು ಬಿಟ್ಟು ಹೋದ, ಅದರಲ್ಲಿ ಚರ್ಚು ಎದ್ದಿತು ಅಂತ ಕತೆ. ಬಾವಿ ಈಗಲೂ ಕೆಳಗೆ ತೊರೆಯ ಪಕ್ಕ ಇದೆ. ಹೆಸರಿಗೆ ಬಾವಿ, ನೋಡಿದರೆ ಕಲ್ಲು ಜೋಡಿಸಿದ ಒಂದು ಸಣ್ಣ ಒರತೆ. ಜನ ರಿಬ್ಬನ್, ನಾಣ್ಯ ಇಟ್ಟು ಹೋಗುತ್ತಾರೆ.

ಒಳಗೆ ಅಡ್ಡಕ್ಕೆ ಒಂದು ಮರದ ತಡಿಕೆ ಇದೆ. ಜನ ಕೂರುವ ಜಾಗಕ್ಕೂ ಪಾದ್ರಿ ನಿಲ್ಲುವ ಜಾಗಕ್ಕೂ ನಡುವಿನದು. ಹಿಂದೆ ಎಲ್ಲ ಚರ್ಚಿನಲ್ಲೂ ಇಂಥದ್ದು ಇತ್ತು, ಮೇಲೊಂದು ಅಟ್ಟ, ಅಟ್ಟದ ಮೇಲೆ ಶಿಲುಬೆ. 16ನೇ ಶತಮಾನದಲ್ಲಿ ಕೆಥೊಲಿಕ್ ಪದ್ಧತಿ ಬಿಟ್ಟು ಧರ್ಮಸುಧಾರಣೆ ಆದಾಗ ಶಿಲುಬೆ ಇಳಿಸಿ, ಅಟ್ಟ ಮುರಿದು ಸೌದೆ ಮಾಡಿದರು. ಇಲ್ಲಿ ಅಟ್ಟದ ಸಮೇತ ಉಳಿದಿದೆ. ಸುಮಾರು 1500ರ ಕೆಲಸ. ಬಣ್ಣ ಇಲ್ಲ, ಬರೀ ಓಕ್ ಮರ. ತೊಲೆಯುದ್ದಕ್ಕೂ ಬಳ್ಳಿ ಹರಿದಿದೆ, ತುದಿಯಲ್ಲಿ ಒಂದು ಡ್ರ್ಯಾಗನ್ ಆ ಬಳ್ಳಿಯನ್ನು ಬಾಯಿಗೆ ಹಾಕಿಕೊಂಡಿದೆ. ಅದರ ಮುಂದೆ ಶಿಲುಬೆ ಗುರುತಿರುವ ಎರಡು ಕಲ್ಲಿನ ಬಲಿಪೀಠಗಳಿವೆ. ಆ ಕಾಲದಲ್ಲಿ ಅವನ್ನೂ ತೆಗೆಸಬೇಕಿತ್ತು. ಯಾರೂ ತೆಗೆಸಲಿಲ್ಲ.

ಇದೆಲ್ಲ ಹೇಗೆ ಉಳಿಯಿತು ಅಂದರೆ, ನನ್ನ ಪ್ರಕಾರ ಕಾರಣ ಒಂದೇ. ಇಲ್ಲಿಗೆ ಬರೋದು ಅಷ್ಟು ಕಷ್ಟ. ಲಂಡನ್ನಿನಿಂದ ಆಜ್ಞೆ ಹೊರಟಿತು, ಆದರೆ ಈ ಗುಡ್ಡ ಹತ್ತಿ ಒಡೆದು ಬರುವ ಹುರುಪು ಯಾರಿಗಿತ್ತು? ಗಡಿನಾಡು ಅಂದರೆ ಕದನ, ಕೋಟೆ ಅಂತಲೇ ಎಲ್ಲ ಬರೆಯುತ್ತಾರೆ. ನಾನು ಸುತ್ತಿದ ಮಟ್ಟಿಗೆ ಗಡಿಯ ದೊಡ್ಡ ಉಪಕಾರ ಈ ಉದಾಸೀನ.

ದಾರಿ ಬಗ್ಗೆ ಒಂದು ಮಾತು. ಪಾರ್ಟ್ರಿಶೊ ದಾರಿ ಒಂದೇ ಕಾರಿನಷ್ಟು ಅಗಲ, ಎರಡೂ ಕಡೆ ಎತ್ತರದ ಬೇಲಿ. ಎದುರಿಗೆ ಟ್ರ್ಯಾಕ್ಟರ್ ಬಂದರೆ ರಿವರ್ಸ್ ಹೋಗಬೇಕಾದವರು ನೀವೇ. ನಾನು ಒಮ್ಮೆ ಕಾಲು ಮೈಲಿ ಹಿಂದಕ್ಕೆ ಹೋಗಿ, ಬಲಗಡೆ ಕನ್ನಡಿ ಬೇಲಿಗೆ ಕೊಟ್ಟು ಬಂದಿದ್ದೇನೆ.

ಕೋಟೆ ಹುಚ್ಚ

ನಕಾಶೆ ಸರ್ ಕೋಟೆಗಳನ್ನು ಒಂದೇ ಮಾತಿನಲ್ಲಿ ತಳ್ಳಿಹಾಕಿದ್ದು ನೋಡಿ ಬೇಜಾರಾಯಿತು :) ಮೊನ್ನೊ ನದಿಯುದ್ದಕ್ಕೂ ಇರುವ ಚರ್ಚುಗಳು ಕೋಟೆ ಇಲ್ಲದೆ ಅರ್ಥವೇ ಆಗುವುದಿಲ್ಲ. ಗಾರ್ವೆಯಲ್ಲಿ ಚರ್ಚಿನ ಗೋಪುರ ಬೇರೆ, ಚರ್ಚು ಬೇರೆ. ನಡುವೆ ಒಂದು ಓಣಿ ಹಾಕಿ ಸೇರಿಸಿದ್ದು ಆಮೇಲೆ. ಗೋಡೆ ನೋಡಿದರೆ ಗಂಟೆ ಕಟ್ಟಲು ಅಲ್ಲ, ಒಳಗೆ ಸೇರಿ ಬಾಗಿಲು ಹಾಕಿಕೊಳ್ಳಲು ಕಟ್ಟಿದ ಹಾಗಿದೆ. ಅಲ್ಲಿದ್ದವರು ಟೆಂಪ್ಲರ್ ಯೋಧ ಸನ್ಯಾಸಿಗಳು. ಅವರ ದುಂಡು ಚರ್ಚಿನ ಅಡಿಪಾಯ ಪಕ್ಕದಲ್ಲೇ ಕಾಣುತ್ತದೆ. ಹತ್ತಿರದ ತೋಟದಲ್ಲಿ 1326ರ ಪಾರಿವಾಳದ ಗೂಡುಮನೆ ಇದೆ, 666 ಗೂಡು. ಖಾಸಗಿ ಜಾಗ, ನುಗ್ಗಬೇಡಿ.

ಅಮ್ಮನಿಗೆ ಕೋಟೆ ಬೇಡ ಸರಿ. ಕಸೂತಿ ಇಷ್ಟ ಇದೆಯಾ? ಸ್ಕೆನ್‌ಫ್ರಿತ್ ಚರ್ಚಿಗೆ ಹೋಗಿ. ಪಾದ್ರಿ ಹೊದೆಯುತ್ತಿದ್ದ 15ನೇ ಶತಮಾನದ ಕಸೂತಿ ಬಟ್ಟೆಯನ್ನು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಅಮ್ಮ ಅದನ್ನು ನೋಡುತ್ತಿರಲಿ. ನೀವು ಎದುರಿಗಿರುವ ಕೋಟೆಗೆ ಹೋಗಿಬನ್ನಿ, ನಡುವೆ ದುಂಡು ಗೋಪುರ, ಸುತ್ತ ಹುಲ್ಲು, ಟಿಕೆಟ್ ಇಲ್ಲ.

ಗುರುವಾರದ ಪೊರಕೆ

ನಾನು ಇಂಗ್ಲೆಂಡ್ ಬದಿಯ ಒಂದು ಹಳ್ಳಿಯಲ್ಲಿದ್ದೇನೆ. ಊರ ಹೆಸರು ಹೇಳುವುದಿಲ್ಲ, ಇರುವುದೇ ನಲವತ್ತು ಮನೆ. ನಾನು ಕೆಥೊಲಿಕ್, ಚರ್ಚು ಆಂಗ್ಲಿಕನ್, ಅಂದರೆ ಇಂಗ್ಲೆಂಡಿನದೇ ಬೇರೆ ಪಂಥದ್ದು. ಆದರೂ ಗುರುವಾರ ಗುಡಿಸುವ ಸರದಿ ನನ್ನದು. ಭಾನುವಾರ ಬರುವವರು ಒಂಬತ್ತು ಜನ, ಅವರಲ್ಲಿ ಏಳು ಜನಕ್ಕೆ ಎಪ್ಪತ್ತು ದಾಟಿದೆ. ಪೊರಕೆ ಹಿಡಿಯೋರು ಯಾರು ಹೇಳಿ?

ಹೋಗುವವರು ಕೆಲವು ವಿಷಯ ನೆನಪಿಟ್ಟುಕೊಳ್ಳಿ. ಒಳಗೆ ಹೋದ ಮೇಲೆ, ಹೊರಗೆ ಬಂದ ಮೇಲೆ ಬಾಗಿಲು ಸರಿಯಾಗಿ ಎಳೆದು ಹಾಕಿ. ಮೊಗಸಾಲೆಗೆ ತಂತಿಬಲೆಯ ಬಾಗಿಲಿದ್ದರೆ ಅದನ್ನೂ. ಹಕ್ಕಿ ಒಳಗೆ ಸೇರಿಕೊಂಡರೆ ಕಿಟಕಿ ಗಾಜಿಗೆ ಬಡಿದು ಬಡಿದು ಸಾಯುತ್ತದೆ. ಹೋದ ವರ್ಷ ಎರಡು ಸಲ ನಾನೇ ಎತ್ತಿ ಹಾಕಿದ್ದೇನೆ. ಬೆಂಚಿನ ಮೇಲೆ, ಬಲಿಪೀಠದ ಮೇಲೆ ಪ್ಲಾಸ್ಟಿಕ್ ಹಾಳೆ ಕಂಡರೆ ಇವರಿಗೆ ಶುಚಿ ಇಲ್ಲ ಅಂದುಕೊಳ್ಳಬೇಡಿ. ಮೇಲೆ ಬಾವಲಿಗಳಿವೆ. ಈ ದೇಶದಲ್ಲಿ ಬಾವಲಿಯನ್ನು ಓಡಿಸುವುದು, ಅದರ ಗೂಡು ಮುಚ್ಚುವುದು ಅಪರಾಧ. ಸಂಜೆ ಗುಡಿಸಿದರೆ ಬೆಳಿಗ್ಗೆ ಮತ್ತೆ ಜೀರಿಗೆ ಚೆಲ್ಲಿದ ಹಾಗೆ ಹಿಕ್ಕೆ. ಹಿತ್ತಾಳೆ ಫಲಕಗಳ ಮೇಲೆ ಅವುಗಳ ಮೂತ್ರ ಬಿದ್ದರೆ ಕಲೆ ಹೋಗುವುದೇ ಇಲ್ಲ.

ಈ ಕಟ್ಟಡಗಳನ್ನು ಸರ್ಕಾರ ನೋಡಿಕೊಳ್ಳುತ್ತದೆ ಅಂತ ತುಂಬಾ ಜನ ತಿಳಿದಿದ್ದಾರೆ. ಇಲ್ಲ. ರಿಪೇರಿ ಹೊಣೆ ಆ ಊರಿನ ಚರ್ಚು ಸಮಿತಿಯದು. ಸೂರಿನ ಸೀಸದ ತಗಡನ್ನು ಕಳ್ಳರು ಸುಲಿದುಕೊಂಡು ಹೋದರೆ ಒಂಬತ್ತು ಜನರೇ ದುಡ್ಡು ಹೊಂದಿಸಬೇಕು. ಅದಕ್ಕೇ ನೋಡಲು ಬಂದವರು ಪುಸ್ತಕದಲ್ಲಿ ಹೆಸರು ಬರೆದು ಹೋಗಿ. ಅನುದಾನಕ್ಕೆ ಅರ್ಜಿ ಹಾಕುವಾಗ ಇಷ್ಟು ಜನ ಬಂದಿದ್ದರು ಅಂತ ಆ ಪುಸ್ತಕವನ್ನೇ ತೋರಿಸುತ್ತೇವೆ. ಐದು ಪೌಂಡ್ ಹಾಕಿದ್ದಕ್ಕಿಂತ ಒಂದು ಸಹಿ ಒಮ್ಮೊಮ್ಮೆ ಜಾಸ್ತಿ ಉಪಯೋಗಕ್ಕೆ ಬರುತ್ತದೆ. ಎರಡೂ ಮಾಡಿದರೆ ಬೇಡ ಅನ್ನಲ್ಲ.

ಕೈಬಿಟ್ಟ ಚರ್ಚುಗಳಿಗೆ ಅಂತಲೇ ಒಂದು ಸಂಸ್ಥೆ ಇದೆ. 1957ರಲ್ಲಿ ಶುರುವಾಗಿದ್ದು, ಹೆಸರು ಫ್ರೆಂಡ್ಸ್ ಆಫ್ ಫ್ರೆಂಡ್‌ಲೆಸ್ ಚರ್ಚಸ್. ಗೆಳೆಯರಿಲ್ಲದ ಚರ್ಚುಗಳ ಗೆಳೆಯರು! ಅರವತ್ತಕ್ಕೂ ಹೆಚ್ಚು ಚರ್ಚು ಅವರ ಕೈಯಲ್ಲಿವೆ. ನಕಾಶೆ ಅಣ್ಣ ಹೇಳಿದ ಲಾನ್‌ಸಿಲೊ ಕೂಡ ಅದರಲ್ಲೊಂದು.

ಇನ್ನು ಗೋಲ್ಡನ್ ವ್ಯಾಲಿಯಲ್ಲೇ ಇರುವ ಪೀಟರ್‌ಚರ್ಚ್ ಊರಿನ ಚರ್ಚು. ದೂರದಿಂದ ಚೂಪು ಗೋಪುರ ನೋಡಿ ಆಹಾ ಅನ್ನುತ್ತಾರಲ್ಲ, ಅದು ಕಲ್ಲಲ್ಲ. ಫೈಬರ್ ಗ್ಲಾಸ್. 1972ರಲ್ಲಿ ಕೂರಿಸಿದ್ದು. ನನಗೇನೂ ಬೇಸರ ಇಲ್ಲ. ಕೆಳಗೆ ಗೋಪುರದೊಳಗೆ ಊರವರಿಗೆ ಲೈಬ್ರರಿ ಮಾಡಿದ್ದಾರೆ.

ಹಳೇ ನಕಾಶೆ

ಫೈಬರ್ ಗ್ಲಾಸ್ ವಿಷಯ ನನಗೂ ಆರನೇ ಸಲ ಹೋದಾಗ ಗೊತ್ತಾಗಿದ್ದು. ಬಾಗಿಲು ಹಾಕುವ ಮಾತು ನಾನೇ ಹೇಳಬೇಕಿತ್ತು, ಮರೆತೆ ಅಕ್ಕ.

ಪೀಟರ್‌ಚರ್ಚ್ ಹತ್ತಿರವೇ ವೌಚರ್ಚ್, ಟರ್ನಸ್ಟೋನ್ ಅಂತ ಎರಡು ಊರಿವೆ. ಇಬ್ಬರು ಅಕ್ಕತಂಗಿಯರು ಪೈಪೋಟಿಗೆ ಬಿದ್ದು ಚರ್ಚು ಕಟ್ಟಿಸಿದರಂತೆ. "ನೀನು ಒಂದು ಕಲ್ಲು ಹೊರಳಿಸುವಷ್ಟರಲ್ಲಿ ನನ್ನದು ಮುಗಿದಿರುತ್ತೆ, ಆಣೆ" ಅಂದಳಂತೆ ಒಬ್ಬಳು. ಆಣೆಗೆ ವೌ, ಕಲ್ಲು ಹೊರಳಿಸಿದ್ದಕ್ಕೆ ಟರ್ನ್ ಎ ಸ್ಟೋನ್. ಕಟ್ಟುಕತೆಯೇ ಇರಬೇಕು. ಆದರೂ ಆ ದಾರಿಯಲ್ಲಿ ಹೋಗುವಾಗ ಅಮ್ಮನಿಗೆ ಹೇಳಿ, ನಗುತ್ತಾರೆ.

ಗಡಿ ದಾಟಿದ್ದು ಗೊತ್ತಾಗುವುದು ಹೇಗೆ ಅಂತ ಒಬ್ಬರು ಖಾಸಗಿಯಾಗಿ ಕೇಳಿದ್ದರು. ಚರ್ಚಿನ ಬೋರ್ಡ್ ನೋಡಿ. 1920ರಿಂದ ವೇಲ್ಸ್ ಚರ್ಚು ಇಂಗ್ಲೆಂಡಿನದರಿಂದ ಬೇರೆಯಾಯಿತು. ಆ ಕಡೆ "ಚರ್ಚ್ ಇನ್ ವೇಲ್ಸ್", ಈ ಕಡೆ "ಚರ್ಚ್ ಆಫ್ ಇಂಗ್ಲೆಂಡ್". ಆದರೆ ಅದನ್ನೂ ಪೂರ್ತಿ ನಂಬಬೇಡಿ. ಬೇರೆಯಾಗುವ ಮುಂಚೆ ಗಡಿಯ ಮೇಲಿನ ಊರುಗಳನ್ನು ಯಾವ ಕಡೆ ಇರುತ್ತೀರಿ ಅಂತ ಕೇಳಿದ್ದರು. ಪ್ರೆಸ್ಟೀನ್ ಊರು ವೇಲ್ಸಿನಲ್ಲಿದೆ, ಚರ್ಚು ಇವತ್ತಿಗೂ ಹೆರಿಫರ್ಡ್ ಬಿಷಪ್ಪರ ಕೆಳಗೆ. ಮನೆ ಒಂದು ರಾಜ್ಯದಲ್ಲಿ, ಬಚ್ಚಲು ಇನ್ನೊಂದರಲ್ಲಿ ಅನ್ನೋ ಹಾಗೆ.

ಕೊಡೆ ಮರೆತವಳು

ಹೋಗಿ ಬಂದೆವು! ನಿನ್ನೆ ರಾತ್ರಿ ಮನೆ ಸೇರಿದಾಗ ಹತ್ತು ಗಂಟೆ. ನಾಲ್ಕಾಗಲಿಲ್ಲ ಸರ್, ಮೂರೂವರೆ ಆಯಿತು. ಕುಮ್‌ಯೋಯ್ ಅರ್ಧ. ಅಮ್ಮ ಕೆಳಗೆ ರಸ್ತೆಯಲ್ಲೇ ನಿಂತು, "ಅದು ನನ್ನ ಮೇಲೆ ಬೀಳುವ ಮೊದಲು ಹೊರಡು" ಅಂದರು.

ಕಿಲ್‌ಪೆಕ್‌ನಲ್ಲಿ ಎರಡು ಗಂಟೆ ಇದ್ದೆವು. ಎರಡು! ಅಮ್ಮ ಸೂರಿನ ಕೆಳಗಿನ ತಲೆಗಳನ್ನು ಬೆರಳು ಮಡಚಿ ಎಣಿಸುತ್ತಾ ಹೋದರು. ಅರವತ್ತರ ಸುಮಾರಿಗೆ ಲೆಕ್ಕ ತಪ್ಪಿತು, ಮತ್ತೆ ಬಾಗಿಲ ಹತ್ತಿರ ಹೋಗಿ ಮೊದಲಿನಿಂದ ಶುರು ಮಾಡಿದರು. ಆ ಹೆಂಗಸಿನ ಕೆತ್ತನೆ ಬಂದಾಗ ನಾನು ಬೇಕಂತಲೇ ಫೋನ್ ನೋಡುತ್ತಿದ್ದೆ. ಅಮ್ಮ ಮಾತ್ರ ಆರಾಮಾಗಿ, "ಇದರಲ್ಲೇನಿದೆ? ನಮ್ಮ ಕಡೆ ದೇವಸ್ಥಾನದ ಹೊರಗೋಡೆಯಲ್ಲಿ ಇದಕ್ಕಿಂತ ಜಾಸ್ತಿ ಇದೆ. ಒಳಗೆ ಹೋಗೋ ಮುಂಚೆ ಎಲ್ಲ ಹೊರಗೇ ನೋಡಿ ಮುಗಿಸಲಿ ಅಂತ" ಅಂದುಬಿಟ್ಟರು. ಪಕ್ಕದಲ್ಲಿದ್ದ ಇಂಗ್ಲಿಷ್ ದಂಪತಿ ನಾನು ಯಾಕೆ ನಗುತ್ತಿದ್ದೇನೆ ಅಂತ ನೋಡುತ್ತಿದ್ದರು. ನಾಯಿ, ಮೊಲ ನೋಡಿ, "ಎರಡಕ್ಕೂ ಚಳಿ, ಪಾಪ" ಅಂದರು.

ಆಬಿ ಡೋರ್‌ಗೆ ಹೋಗುವಷ್ಟರಲ್ಲಿ ಜೋರು ಮಳೆ. ಒಳಗೆ ನಾವಿಬ್ಬರೇ. ನೀವು ಹೇಳಿದ ತಡಿಕೆ ನೋಡಿದೆವು, ಆಮೇಲೆ ಬೆಂಚಿನ ಮೇಲೆ ಕೂತು ಡಬ್ಬಿಯಲ್ಲಿದ್ದ ಚಪಾತಿ ಬಿಚ್ಚಲಾ ಬೇಡವಾ ಅಂತ ಚರ್ಚೆ ಆಯಿತು. ಬೇಡ ಅಂತ ತೀರ್ಮಾನಿಸಿ ಕಾರಿನಲ್ಲಿ ತಿಂದೆವು.

ಪಾರ್ಟ್ರಿಶೊ ದಾರಿಯಲ್ಲಿ ಟ್ರ್ಯಾಕ್ಟರ್ ಸಿಗಲಿಲ್ಲ, ಕುರಿ ಸಿಕ್ಕವು. ಅಮ್ಮ ಆ ಏರನ್ನು ಮೂರು ಸಲ ನಿಂತು ಹತ್ತಿದರು. ಮೊದಲ ಸಲ ನಿಂತಾಗ ಬಾವಿ ಹತ್ತಿರ ಹೋಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡರು. ನಾನೇನೂ ಹೇಳಿಕೊಟ್ಟಿರಲಿಲ್ಲ. ಒಳಗೆ ಆ ಮರದ ತಡಿಕೆಯ ಮುಂದೆ ನಾನು ಫೋಟೊ ತೆಗೆಯುತ್ತಿದ್ದರೆ ಅಮ್ಮ ಹಿಂದಿನ ಗೋಡೆ ನೋಡುತ್ತಿದ್ದರು. ನೀವು ಒಂದು ವಿಷಯ ಹೇಳಲೇ ಇಲ್ಲ ಸರ್! ಗೋಡೆ ಮೇಲೆ ಕೆಂಪು ಬಣ್ಣದ ಅಸ್ಥಿಪಂಜರ. ಒಂದು ಕೈಯಲ್ಲಿ ಕುಡುಗೋಲು, ಇನ್ನೊಂದರಲ್ಲಿ ಮರಳು ಗಡಿಯಾರ, ತೋಳಿಗೆ ಗುದ್ದಲಿ ನೇತುಹಾಕಿಕೊಂಡಿದೆ. ಅಮ್ಮ ಹತ್ತಿರ ಹೋಗಿ, "ಕೊಯ್ಯೋಕೆ ಒಂದು, ಹೊತ್ತು ನೋಡೋಕೆ ಒಂದು, ಹೂಳೋಕೆ ಒಂದು. ಎಲ್ಲ ಕೆಲಸ ಒಬ್ಬನೇ ಮಾಡ್ತಾನೆ" ಅಂದರು. ಅವರಿಗೆ ಅಲ್ಲಿ ಬರೆದಿದ್ದ ಒಂದು ಅಕ್ಷರವೂ ಓದಲು ಬರುವುದಿಲ್ಲ.

ಪೊರಕೆ ಅಕ್ಕ, ಮೂರೂ ಕಡೆ ಬಾಗಿಲು ಎಳೆದು ಹಾಕಿದ್ದೇವೆ. ಮೂರೂ ಪುಸ್ತಕದಲ್ಲಿ ಅಮ್ಮ ಕನ್ನಡದಲ್ಲೇ ಹೆಸರು ಬರೆದಿದ್ದಾರೆ. ಅನುದಾನದವರಿಗೆ ಲೆಕ್ಕ ಸಿಗುತ್ತದೆ ಅಲ್ವಾ?

ಒಂದೇ ತೊಂದರೆ. ಆಬಿ ಡೋರ್ ಮೊಗಸಾಲೆಯಲ್ಲಿ ಕೊಡೆ ಬಿಟ್ಟು ಬಂದೆ.

ಗುರುವಾರದ ಪೊರಕೆ

ಸಿಗುತ್ತದೆ, ಯಾವ ಲಿಪಿ ಆದರೂ ಒಂದು ಸಾಲು ಒಂದು ಸಾಲೇ. ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಹಳೇ ನಕಾಶೆ

ಆ ಅಸ್ಥಿಪಂಜರವನ್ನು ಬೇಕಂತಲೇ ಹೇಳಿರಲಿಲ್ಲ. ಒಂದಾದರೂ ನಿಮಗೇ ಸಿಗಲಿ ಅಂತ.

ಬುಧವಾರ ನನಗೆ ರಜೆ, ಡೋರ್ ಕಡೆ ಹೋಗುವವನಿದ್ದೇನೆ. ಕೊಡೆ ಯಾವ ಬಣ್ಣ?

ಕೊಡೆ ಮರೆತವಳು

ನೀಲಿ. ಒಂದು ಕಡ್ಡಿ ಮುರಿದಿದೆ. ಅಮ್ಮನದು, ನನ್ನದಲ್ಲ. ಅದಕ್ಕೇ ಅರ್ಜೆಂಟು.